ಸತ್ಯಾಂಶ: ಎರಡು ಸಂಪರ್ಕವಿದ್ದರೆ ಇಂಟರ್ನೆಟ್ ನಿಲ್ಲುವುದೇ ಇಲ್ಲವೇ?

‘ಎರಡು ಕಂಪನಿಗಳ ಫೈಬರ್ ಹಾಕಿಸಿಕೊಳ್ಳಿ, ಕಚೇರಿಯ ಇಂಟರ್ನೆಟ್ ಎಂದೂ ನಿಲ್ಲದು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ. ಬಿಲ್ ಎರಡಾದರೂ ಕೇಬಲ್‌ಗಳು ಒಂದೇ ಕಂಬದ ಮೇಲೆ, ಒಂದೇ ಚರಂಡಿಯ ಪಕ್ಕದಲ್ಲಿ ಸಾಗಿ ಬಂದಿರಬಹುದು. ಆಗ ಜೆಸಿಬಿಯ ಒಂದೇ ಏಟಿಗೆ ಎರಡೂ ತುಂಡಾಗುತ್ತವೆ. ಸಮುದ್ರದಡಿಯಲ್ಲೂ ಹೀಗಾಗಿದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಬೇರೆ ಬೇರೆ ಕೇಬಲ್‌ಗಳು ಒಂದೇ ದಿನ ತುಂಡಾಗಿ, ಭಾರತದಲ್ಲೂ ಇಂಟರ್ನೆಟ್ ಕುಂಟಿತು.

ಆದ್ದರಿಂದ ಕಂಪನಿಯ ಹೆಸರಿಗಿಂತ ಮೊದಲು ಕೇಬಲ್ ಬರುವ ದಾರಿಯನ್ನು ಕೇಳಿ. ಒಂದು ಫೈಬರ್, ಇನ್ನೊಂದು 4ಜಿ ಅಥವಾ 5ಜಿ ಇದ್ದರೆ ಮೇಲು. ಒಂದು ಸಂಪರ್ಕ ಸತ್ತಾಗ ಇನ್ನೊಂದಕ್ಕೆ ಬದಲಿಸುವ ರೂಟರ್, ತನ್ನ ಪಕ್ಕದ ಮೋಡೆಮ್ಮನ್ನಷ್ಟೇ ಅಲ್ಲ, ದೂರದ ಸರ್ವರ್ ಒಂದನ್ನೂ ಆಗಾಗ ಪಿಂಗ್ ಮಾಡುವಂತಿರಬೇಕು, ಅಂದರೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ಎಂದು ನೋಡುತ್ತಿರಬೇಕು. ಇಲ್ಲವಾದರೆ ಮೋಡೆಮ್ ಜೀವಂತವಿದೆ ಎಂದು ನಂಬಿ, ಸತ್ತ ದಾರಿಗೇ ದತ್ತಾಂಶ ಕಳಿಸುತ್ತಿರುತ್ತದೆ. ತಿಂಗಳಿಗೊಮ್ಮೆ ಮುಖ್ಯ ಇಂಟರ್ನೆಟ್ ತಂತಿಯನ್ನು ನೀವೇ ಕಿತ್ತು, ಎರಡನೆಯ ಸಂಪರ್ಕ ತಾನಾಗಿ ಕೆಲಸಕ್ಕೆ ಬರುತ್ತದೆಯೇ ನೋಡಿ, ದಯವಿಟ್ಟು.