ಗೋಲಿ ಜೂಜು, ಚೀಟಿ ಪುಣ್ಯ

ತುಮಕೂರಿನಲ್ಲಿ ನಾಲ್ಕು ಜನ ಸ್ವಯಂಸೇವಕರು ಸೇರಿ ಪಿನ್‌ಬಾಲ್ (ಗಾಜು ಮುಚ್ಚಿದ ಇಳಿಜಾರು ಪೆಟ್ಟಿಗೆಯೊಳಗೆ ಉಕ್ಕಿನ ಗೋಲಿ ಹೊಡೆದು ಅಂಕ ಗಳಿಸುವ ಯಂತ್ರದಾಟ) ಪ್ರದರ್ಶನ ಇಟ್ಟು, ಪಕ್ಕದಲ್ಲೇ ಬಿಡಿಭಾಗಗಳ ಅದಲುಬದಲು ಸಂತೆ ಹೂಡಿ, ಬಂದ ದುಡ್ಡನ್ನು ಡಯಾಲಿಸಿಸ್ ರೋಗಿಗಳಿಗೆ ಕೊಡೋಣ ಅಂತ ಹೊರಟರೆ ಮೊದಲು ಕೇಳಿಬರುವ ಮಾತು: "ಇದು ಜೂಜಲ್ವೇನ್ರೀ?"

ಉತ್ತರ ರೆಡಿ ಇಟ್ಟುಕೊಳ್ಳಿ. ಈ ಅನುಮಾನ ನ್ಯೂಯಾರ್ಕಿಗೂ ಬಂದಿತ್ತು. 1942ರಲ್ಲಿ ಅಲ್ಲಿ ಪಿನ್‌ಬಾಲ್ ನಿಷೇಧಿಸಿ, ಮೇಯರ್ ಲಾಗಾರ್ಡಿಯಾ ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು. ಆಗಿನ ಯಂತ್ರಕ್ಕೆ ಬಟನ್ ಒತ್ತಿ ಗೋಲಿಯನ್ನು ಮೇಲಕ್ಕೆ ಹೊಡೆಯುವ ಫ್ಲಿಪ್ಪರ್ ಇರಲಿಲ್ಲ, ಅದು ಬಂದದ್ದು 1947ರಲ್ಲಿ. ಆದರೂ ನಿಷೇಧ ಹೋಗಲು 1976 ಬರಬೇಕಾಯಿತು. ರೋಜರ್ ಶಾರ್ಪ್ ಎಂಬ ಪಿನ್‌ಬಾಲ್ ಆಟಗಾರ ಅಧಿಕಾರಸ್ಥರ ಎದುರು ನಿಂತು, ಗೋಲಿ ಯಾವ ಓಣಿಗೆ ಹೋಗುತ್ತೆ ಅಂತ ಮೊದಲೇ ಹೇಳಿ, ಹೇಳಿದ ಹಾಗೇ ಹೊಡೆದು ತೋರಿಸಿದ. ನಮ್ಮ ಹೈಕೋರ್ಟೂ 2022ರ ಫೆಬ್ರುವರಿಯಲ್ಲಿ, ಹಿಂದಿನ ವರ್ಷ ಪೊಲೀಸ್ ಕಾಯ್ದೆಗೆ ತಂದಿದ್ದ ಆನ್‌ಲೈನ್ ಆಟಗಳ ತಿದ್ದುಪಡಿಯನ್ನು ರದ್ದು ಮಾಡುವಾಗ, ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂದಿದೆ. ಅನುಮತಿಯ ಅರ್ಜಿಯಲ್ಲಿ ಇಷ್ಟು ಬರೆಯಿರಿ: ಪಣವಿಲ್ಲ, ನಗದು ಬಹುಮಾನವಿಲ್ಲ, ಕಾಯಿನ್ ಬಾಗಿಲಿಗೆ ಬೀಗ ಹಾಕಿದೆ, ಎಲ್ಲ ಯಂತ್ರ ನಾಣ್ಯ ಹಾಕದೆ ಆಡುವ ಫ್ರೀ ಪ್ಲೇಯಲ್ಲಿವೆ, ಇರುವುದು ನೂರು ರೂಪಾಯಿ ಪ್ರವೇಶ ಶುಲ್ಕ ಮಾತ್ರ. ಯಂತ್ರದ ಫೋಟೊ ಅಂಟಿಸುವಾಗ ಗೋಲಿ ಉರುಳುವ ಹಲಗೆ, ಅಂದರೆ ಪ್ಲೇಫೀಲ್ಡ್, ಅಷ್ಟೇ ಕಾಣಲಿ. ಹಿಂದೆ ಎದ್ದು ನಿಂತ ಗಾಜಿನ ಮೇಲೆ ತುಂಡುಡುಗೆಯ ಹೆಂಗಸಿನ ಚಿತ್ರವಿದ್ದರೆ ಇನ್ನೊಂದು ಇಲಾಖೆಯ ಅನುಮತಿಯೂ ಬೇಕಾದೀತು.

ಇಷ್ಟೆಲ್ಲ ವಿಚಾರಣೆ ನಡೆಯುವಾಗ ಅರ್ಜಿಯ ಜೊತೆ ಪಿನ್ ಹೊಡೆದ ಆಹ್ವಾನ ಪತ್ರಿಕೆಯನ್ನು ಯಾರೂ ಓದುವುದಿಲ್ಲ. ಅದರ ಕೊನೇ ಸಾಲು: "ಲಕ್ಕಿ ಡಿಪ್ ಉಂಟು. ಮೊದಲ ಬಹುಮಾನ ಸ್ಕೂಟರ್." 2007ರಲ್ಲೇ ಲಾಟರಿ ನಿಲ್ಲಿಸಿದ ರಾಜ್ಯ ನಮ್ಮದು. ಆದರೆ ಡ್ರಮ್ಮಿಗೆ ಕಲರ್ ಪೇಪರ್ ಸುತ್ತಿ, ಚೀಟಿ ಎತ್ತಲು ಮುಖ್ಯ ಅತಿಥಿಗಳನ್ನೇ ಕರೆದರೆ ಅದು ಲಾಟರಿ ಹೇಗಾದೀತು? 80 ಗ್ರಾಂ ತೂಕದ ಉಕ್ಕಿನ ಗೋಲಿಯನ್ನು ಗುರಿ ನೋಡಿ ಹೊಡೆಯುವವನು ಜೂಜುಕೋರ, ಕಣ್ಮುಚ್ಚಿ ಡ್ರಮ್ಮಿನೊಳಗೆ ಕೈ ಹಾಕುವವರು ದಾನಿಗಳು.

ಜಾಗಕ್ಕೆ ಸಮಿತಿಯವರು ಅಮಾನಿಕೆರೆಯ ಗಾಜಿನ ಮನೆಯನ್ನೇ ಹೇಳುತ್ತಾರೆ, ಫೋಟೊ ಚೆನ್ನಾಗಿ ಬರುತ್ತದಂತೆ. ಪಿನ್‌ಬಾಲ್‌ಗೆ ಬೇಕಾದ್ದು ಮಬ್ಬು ಬೆಳಕು. ಮೇಲಿನಿಂದ ಬಿಸಿಲು ಬಿದ್ದರೆ ಯಂತ್ರದ ಗಾಜಿನಲ್ಲಿ ಗೋಲಿ ಕಾಣುವುದಿಲ್ಲ, ಆಡುವವನ ಮುಖ ಕಾಣುತ್ತದೆ. ಮುಖ ಕಾಣಿಸಿಕೊಳ್ಳಲಿಕ್ಕೇ ಬರುವವರಿಗೆ ಇದು ತೊಂದರೆಯಲ್ಲ, ಬಿಡಿ.

ಕರೆಂಟಿನ ಲೆಕ್ಕ ಗಂಭೀರದ್ದು. ಹೆಚ್ಚಿನ ಯಂತ್ರಗಳು ಅಮೆರಿಕದವು, 120 ವೋಲ್ಟಿಗೆ ಕಟ್ಟಿದವು. ಟ್ರಾನ್ಸ್‌ಫಾರ್ಮರಿನ ಜಂಪರ್ (ಜೋಡಣೆಯ ತಂತಿ) ಬದಲಿಸಿ ನಮ್ಮ 230ಕ್ಕೆ ಹೊಂದಿಸಬೇಕು, ಇಲ್ಲವೇ ಒಂದೊಂದಕ್ಕೂ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಇಡಬೇಕು. ಸಮಿತಿ ಮಾತ್ರ ವೇದಿಕೆಯ ಸೌಂಡ್ ಸಿಸ್ಟಂ, ಫೋಕಸ್ ಲೈಟು, ಯಂತ್ರ ಎಲ್ಲವನ್ನೂ ಒಂದೇ ಜನರೇಟರಿಗೆ ಕಟ್ಟಿಸುತ್ತದೆ. 90ರ ದಶಕದ ಯಂತ್ರಗಳಲ್ಲಿ ವೋಲ್ಟೇಜ್ ಸ್ವಲ್ಪ ಕುಸಿದರೂ ಒಳಗಿನ ಕಂಪ್ಯೂಟರಿಗೆ ಬೇಕಾದ 5 ವೋಲ್ಟ್ ಸಾಲದೆ, ಎರಡೂ ಫ್ಲಿಪ್ಪರ್ ಒಟ್ಟಿಗೆ ಒತ್ತಿದ ತಕ್ಷಣ ಆಟ ರೀಸೆಟ್ ಆಗುತ್ತದೆ. ನಿರೂಪಕಿ "ಸನ್ಮಾನ್ಯ" ಅಂದಾಗಲೆಲ್ಲ ಒಬ್ಬ ಹುಡುಗನ ಸ್ಕೋರು ಸೊನ್ನೆ.

ಆಮೇಲೆ ಪೂಜೆ. ಪ್ಲೇಫೀಲ್ಡ್ ಆರೂವರೆ ಡಿಗ್ರಿ ಇಳಿಜಾರಿರಬೇಕು, ಎಡಬಲ ಸಮ ಇರಬೇಕು. ಮಟ್ಟ ನೋಡುವ ಸಾಧನವನ್ನು ಗಾಜಿನ ಮೇಲಿಡದೆ ಪ್ಲೇಫೀಲ್ಡ್ ಮೇಲೇ ಇಟ್ಟು, ನಾಲ್ಕೂ ಕಾಲಿನ ಲೆವೆಲರ್ ತಿರುಗಿಸಿ, ನಟ್ಟು ಬಿಗಿದು ಏಳುವಷ್ಟರಲ್ಲಿ ಯಾರೋ ಭಕ್ತರು ಬಂದು ನಾಲ್ಕೂ ಕಾಲಿನಡಿ ನಿಂಬೆಹಣ್ಣು ಇಟ್ಟಿರುತ್ತಾರೆ. ಕುಂಕುಮ ಗಾಜಿನ ಮೇಲೆ ಬಿದ್ದರೆ ಒರೆಸಬಹುದು. ಗಾಜು ತೆಗೆದಿದ್ದಾಗ ಒಳಗೆ ಬಿದ್ದರೆ ಪ್ಲೇಫೀಲ್ಡಿಗೆ ಹಚ್ಚಿದ ವ್ಯಾಕ್ಸಿಗೆ ಮೆತ್ತಿಕೊಂಡು, ಗೋಲಿ ಉರುಳಿದಲ್ಲೆಲ್ಲ ಬಣ್ಣ ತಿನ್ನುತ್ತದೆ. ತೆಂಗಿನಕಾಯಿಯನ್ನಂತೂ ಹೊರಗೆ ಒಡೆಸಿ. ಬಹಳ ಯಂತ್ರಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದು ಪೆಟ್ಟಿಗೆಯ ತಳದಲ್ಲಿ, ಎಳನೀರು ಹೋಗಿ ನಿಲ್ಲುವುದೂ ಅಲ್ಲೇ.

ಉದ್ಘಾಟನೆಗೆ ಹಳೇ ಯಂತ್ರ ಕೊಡಬೇಡಿ. ಅತಿಥಿಗಳು ಫ್ಲಿಪ್ಪರ್ ಬಟನ್ ಒತ್ತಿ ಹಿಡಿದು, ಫೋಟೊಗ್ರಾಫರ್ "ಸಾರ್, ಈ ಕಡೆ, ಇನ್ನೊಂದ್ಸಲ" ಅನ್ನುವಷ್ಟು ಹೊತ್ತೂ ನಗುತ್ತ ನಿಲ್ಲುತ್ತಾರೆ. ಫ್ಲಿಪ್ಪರ್ ಪೂರ್ತಿ ಎದ್ದ ಮೇಲೆ ಅದರ ಕೆಳಗಿನ ಸ್ವಿಚ್ ತೆರೆದುಕೊಂಡು, ಕರೆಂಟನ್ನು ಕಾಯಿಲಿನ ಸಣ್ಣ ತಂತಿಯ ಸುರುಳಿಗೆ ದಾಟಿಸಬೇಕು. ಸ್ವಿಚ್ಚಿನ ಎಲೆ ಬಾಗಿ ತೆರೆಯದಿದ್ದರೆ ಪೂರ್ತಿ ಕರೆಂಟು ಹರಿದು ಕಾಯಿಲ್ ಸುಡುತ್ತದೆ. ಆ ವಾಸನೆಯನ್ನು ವೇದಿಕೆಯವರು ಧೂಪ ಅಂದುಕೊಳ್ಳುತ್ತಾರೆ. ಇನ್ನು, ಗೋಲಿ ಕೆಳಗಿಳಿಯುತ್ತಿದ್ದ ಹಾಗೆ ಸಾಹೇಬರು ಯಂತ್ರವನ್ನೇ ಗುದ್ದುತ್ತಾರೆ. ಒಳಗಿನ ತೂಗುಗುಂಡು ಸುತ್ತಲಿನ ಬಳೆಗೆ ತಗುಲಿ, ಅಲುಗಾಡಿಸಿದ್ದಕ್ಕೆ ಶಿಕ್ಷೆಯಾಗಿ ಟಿಲ್ಟ್ ಆಗುತ್ತದೆ, ಫ್ಲಿಪ್ಪರ್ ಸತ್ತುಹೋಗುತ್ತದೆ. "ಸಾಹೇಬ್ರು ಆಡ್ತಿರೋವಾಗ ಯಾವನ್ಲಾ ಆಫ್ ಮಾಡ್ದೋನು?" ಅಂತ ಹಿಂಬಾಲಕರು ಸ್ವಯಂಸೇವಕನ ಕಾಲರಿಗೆ ಕೈ ಹಾಕುವ ಮುಂಚೆ, ಆ ಗುಂಡನ್ನು ಬಿಚ್ಚಿ ಜೇಬಿಗಿಟ್ಟುಕೊಳ್ಳಿ. ಅತಿಥಿಗಳು ಹೋದ ಮೇಲೆ ಮತ್ತೆ ಹಾಕಿದರಾಯಿತು.

ಸಂತೆಯನ್ನು ಸಮಿತಿ ಶೌಚಾಲಯದ ಹಿಂದಕ್ಕೆ ತಳ್ಳುತ್ತದೆ, "ಗುಜರಿ ಥರ ಕಾಣ್ಸುತ್ತೆ" ಅಂತ. ವಿಷಯ ಗೊತ್ತಿರುವವರು ಬರುವುದೇ ಅದಕ್ಕೆ: ರಬ್ಬರ್ ರಿಂಗು, ಸ್ಲೋ ಬ್ಲೋ ಫ್ಯೂಸು, 47ನೇ ನಂಬರಿನ ಬಲ್ಬು, ಕಾಯಿಲ್ ಸ್ಲೀವು. ಸರ್ಕ್ಯೂಟ್ ಬೋರ್ಡ್ ಕೊಳ್ಳುವವರು ಬ್ಯಾಟರಿ ಹಿಡಿಕೆಯ ಸುತ್ತ ಹಸಿರು ಕಿಲುಬು ಇದೆಯಾ ನೋಡಿ, ಸೋರಿದ ಬ್ಯಾಟರಿ ತಾಮ್ರದ ಗೆರೆಗಳನ್ನೇ ತಿಂದಿರುತ್ತದೆ. ಆದರೆ ಟೇಪು ಕತ್ತರಿಸುವ ತನಕ ಒಂದು ಫ್ಯೂಸನ್ನೂ ಮಾರುವಂತಿಲ್ಲ. ಉದ್ಘಾಟನೆ 10 ಗಂಟೆಗೆ, ಉದ್ಘಾಟಕರು ಬರುವುದು ಊಟದ ಹೊತ್ತಿಗೆ.

ಖರ್ಚಿಗೊಂದು ಅಂದಾಜು: ವೇದಿಕೆಯಲ್ಲಿ 14 ಗಣ್ಯರು. ತಲೆಗೆ ಪೇಟ 400, ಶಾಲು 150, ಹಾರ 250, ನೆನಪಿನ ಕಾಣಿಕೆ 500, ಒಟ್ಟು 1,300 ರೂಪಾಯಿ. ಅಲ್ಲಿಗೆ 18,200. ಅಂದರೆ ಗೇಟಿನಲ್ಲಿ ಮೊದಲು ಟಿಕೆಟ್ ಕೊಂಡ 182 ಜನರದ್ದು ಪೇಟ ಶಾಲುಗಳಿಗೆ ಸರಿಹೋಯಿತು. ಫ್ಲೆಕ್ಸು, ಶಾಮಿಯಾನ, ಜನರೇಟರು ಮುಗಿದ ಮೇಲೆ ಬಂದವರದ್ದು ರೋಗಿಗಳಿಗೆ. ನಿಜವಾಗಿಯೂ ದಾನ ಮಾಡುವ ಮನಸ್ಸಿದ್ದವರು ಸಂಜೆ ತಡವಾಗಿ ಬನ್ನಿ.

ಥರ್ಮಾಕೋಲ್ ಚೆಕ್ಕನ್ನು ಬೆಳಿಗ್ಗೆಯೇ ಮಾಡಿಸಿಡಿ, ಅಂಕಿಯ ಜಾಗ ಮಾತ್ರ ಖಾಲಿ ಇರಲಿ. ಫೋಟೊಗೆ ಯಾವ ಮೊತ್ತ ಚೆನ್ನಾಗಿ ಕಾಣುತ್ತದೋ ಅದನ್ನು ಸ್ಕೆಚ್ ಪೆನ್ನಿನಲ್ಲಿ ಬರೆದರಾಯಿತು. ನಿಜವಾದ ಚೆಕ್ಕಿಗೆ ಅವಸರವಿಲ್ಲ, ಶಾಮಿಯಾನದವನ ಬಿಲ್ಲು ಇನ್ನೂ ಬಂದಿರುವುದಿಲ್ಲ.