ಕೈ ಎಲ್ಲಿಟ್ಟುಕೊಳ್ಳಲಿ?

ಫೋಟೋ ತೆಗೆಸಿಕೊಳ್ಳುವಾಗ ಕೈ ಎಲ್ಲಿಟ್ಟುಕೊಳ್ಳಬೇಕು ಎಂಬುದು ನನಗೆ ಇವತ್ತಿಗೂ ಬಗೆಹರಿಯದ ಸಮಸ್ಯೆ. ಜೇಬಿಗೆ ಹಾಕಿದರೆ ಜಂಭ ಅನ್ನಿಸುತ್ತದೆ. ಇಳಿಬಿಟ್ಟರೆ ಯಾರದೋ ಕೈ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಎದೆಗೆ ಕಟ್ಟಿಕೊಂಡರೆ ಚುನಾವಣೆಗೆ ನಿಂತವನೇ ಸೈ. ಇಷ್ಟು ದಿನ ಇದು ನೆಲದ ಮೇಲಿನ ಸಮಸ್ಯೆ ಮಾತ್ರ ಎಂದುಕೊಂಡಿದ್ದೆ. ರಜೆಯಲ್ಲಿ ಸಮುದ್ರಕ್ಕೆ ಹೋಗಿ, ನಾವೇ ಓಡಿಸುವ ದೋಣಿ ಹತ್ತಿ, ಹವಳದ ದಿಬ್ಬದ ಮೇಲೆ ಸ್ನಾರ್ಕೆಲ್ ಮಾಡಿ, ಅಂದರೆ ಉಸಿರಿನ ಕೊಳವೆ ಬಾಯಲ್ಲಿ ಕಚ್ಚಿಕೊಂಡು ಬೋರಲು ತೇಲಿ, ಬಂದ ಮೇಲೆ ಗೊತ್ತಾಯಿತು, ನೀರಿನಲ್ಲಿ ಈ ಸಮಸ್ಯೆಗೆ ಆಳ ಜಾಸ್ತಿ.

‘ಸೆಲ್ಫ್ ಡ್ರೈವ್ ಇಕೋ ಟೂರ್’ ಎಂಬ ಹೆಸರಿನಲ್ಲಿ ನನ್ನನ್ನು ಸೆಳೆದದ್ದು ‘ಸೆಲ್ಫ್ ಡ್ರೈವ್’, ನನ್ನಾಕೆಯನ್ನು ಸೆಳೆದದ್ದು ‘ಇಕೋ’. ಇಪ್ಪತ್ತೈದು ವರ್ಷ ಕಾರು ಓಡಿಸಿದವನಿಗೆ ಗಾಳಿ ತುಂಬಿದ ರಬ್ಬರ್ ದೋಣಿ ಯಾವ ಲೆಕ್ಕ? ಪೆಟ್ರೋಲ್ ಸುಟ್ಟುಕೊಂಡು ಪರಿಸರ ನೋಡಲು ಹೋಗುವುದಕ್ಕೆ ಇಕೋ ಟೂರ್ ಅನ್ನುತ್ತಾರಲ್ಲ ಎಂದು ಕೊಂಕು ಆಡಲು ಬಾಯಿ ತೆರೆದೆ. ಇಲ್ಲಿಗೆ ವಿಮಾನದಲ್ಲಿ ಬಂದದ್ದು ನೆನಪಾಗಿ ಮುಚ್ಚಿದೆ.

ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗಿ. ಬಿಸಿಲಿಗೆ ಕಂದಿದ ಟೋಪಿ, ದೂರದ ನೀರನ್ನೇ ನೋಡಿ ರೂಢಿಯಾದ ಕಿರಿದಾದ ಕಣ್ಣು. ದೋಣಿಗೊಬ್ಬರಂತೆ ಚಾಲಕರನ್ನು ಸಾಲಾಗಿ ನಿಲ್ಲಿಸಿ ಪಾಠ ಶುರು ಮಾಡಿದಳು. ಮೊದಲನೆಯ ಮಾತೇ, “ದೋಣಿಗೆ ಬ್ರೇಕ್ ಇಲ್ಲ.” ಎಲ್ಲರೂ ನಕ್ಕೆವು. ಆಕೆ ನಗಲಿಲ್ಲ. ನಿಲ್ಲಿಸಬೇಕೆಂದರೆ ಸಾಕಷ್ಟು ಮುಂಚೆಯೇ ಇಂಜಿನ್ನಿನ ವೇಗ ಇಳಿಸಬೇಕು, ಉಳಿದದ್ದನ್ನು ನೀರೇ ನೋಡಿಕೊಳ್ಳುತ್ತದೆ, ತೀರಾ ಅವಸರವಾದರೆ ರಿವರ್ಸ್. ಇನ್ನೊಂದು ವಿಷಯ. ಹಿಂದೆ ಕೂರಿಸಿದ ಔಟ್‌ಬೋರ್ಡ್ ಇಂಜಿನ್ನಿನ ಹಿಡಿಯೇ ಚುಕ್ಕಾಣಿ. ಅದನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ತಳ್ಳಿದರೆ ಎಡಕ್ಕೆ. ಮನೆಯಲ್ಲಿ ನನ್ನ ಮಾತಿಗೆ ಇರುವ ಪರಿಣಾಮವೂ ಹೆಚ್ಚುಕಡಿಮೆ ಇದೇ ಆದ್ದರಿಂದ ಬೇಗ ಅರ್ಥವಾಯಿತು. ಅರ್ಥವಾದದ್ದು ತಲೆಗೆ. ಕೈಗೆ ಅರ್ಥವಾಗಲು ಇನ್ನೂ ಅರ್ಧ ಗಂಟೆ ಬೇಕಾಯಿತು.

ಕೊನೆಗೆ ಆಕೆ ಟೆಲಿಫೋನ್ ವೈರಿನಂತೆ ಸುರುಳಿ ಸುತ್ತಿದ ಕೆಂಪು ದಾರವೊಂದನ್ನು ನನ್ನ ಮುಂಗೈಗೆ ಕಟ್ಟಿದಳು. ಇನ್ನೊಂದು ತುದಿ ಇಂಜಿನ್ನಿನ ಸ್ವಿಚ್ಚಿಗೆ. ನಾನು ನೀರಿಗೆ ಬಿದ್ದರೆ ದಾರ ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ಚಾಲಕನಿಲ್ಲದ ದೋಣಿ ಗಿರ್ರೆಂದು ಸುತ್ತು ಹೊಡೆದು, ಬಿದ್ದವನ ಮೇಲೇ ಬಂದು, ತನ್ನ ಫ್ಯಾನಿನಿಂದ ಅವನನ್ನು ವಿಚಾರಿಸಿಕೊಳ್ಳುವುದುಂಟಂತೆ. ಆ ದಾರ ಕಟ್ಟುವ ತನಕ ನಾನು ದೋಣಿಯನ್ನು ಬಾಡಿಗೆಗೆ ತೆಗೆದುಕೊಂಡಿದ್ದೇನೆ ಎಂಬ ಭಾವನೆಯಲ್ಲಿದ್ದೆ. ಕಟ್ಟಿದ ಮೇಲೆ ದೋಣಿಯೇ ನನ್ನನ್ನು ತೆಗೆದುಕೊಂಡಂತೆ ಅನ್ನಿಸಿತು.

ಹೊರಟೆವು. ಮುಂದೆ ಗೈಡಿನ ದೋಣಿ, ಹಿಂದೆ ಬಾತುಮರಿಗಳ ಹಾಗೆ ನಾವು ಐದು. ಆಕೆ ಮುಷ್ಟಿ ಎತ್ತಿದರೆ ನಿಲ್ಲಬೇಕು, ಅಂಗೈ ಕೆಳಗೆ ಮಾಡಿ ಆಡಿಸಿದರೆ ನಿಧಾನ. ಇಂಜಿನ್ನಿನ ಸದ್ದಿನಲ್ಲಿ ಬಾಯಿಮಾತು ಕೇಳುವುದಿಲ್ಲ, ಎಲ್ಲ ಕೈಮಾತೇ. ಮುಷ್ಟಿ ಎತ್ತಿದಾಗಲೆಲ್ಲ ನನ್ನ ಬಲಗಾಲು ತನ್ನಷ್ಟಕ್ಕೆ ರಬ್ಬರ್ ನೆಲವನ್ನು ಒತ್ತುತ್ತಿತ್ತು. ಇಪ್ಪತ್ತೈದು ವರ್ಷದ ಅಭ್ಯಾಸ. ಮುಂದಿನ ದೋಣಿಯಲ್ಲಿದ್ದ ಹಿರಿಯ ದಂಪತಿಗಳನ್ನು ನಾನು ಎರಡು ಸಲ ತೀರಾ ಹತ್ತಿರದಿಂದ ನೋಡಿದೆ. ಎರಡನೆಯ ಸಲ ಅವರೂ ನನ್ನನ್ನು ನೋಡಿದರು.

“ರೀ, ಆ ಕಡೆ!”

“ಆ ಕಡೆಗೇ ತಿರುಗಿಸಿದ್ದೀನಿ.”

“ಅದಕ್ಕೇ ಹೇಳ್ತಿರೋದು, ಈ ಕಡೆ ಹೋಗ್ತಿದೆ.”

ಬಂದರು ದಾಟಿದ ಮೇಲೆ ಸ್ವಲ್ಪ ವೇಗ ಕೊಡಬಹುದು ಎಂದು ಸನ್ನೆಯಾಯಿತು. ಹದಿನೈದು ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್. ರಸ್ತೆಯ ಮೇಲೆ ಈ ವೇಗಕ್ಕೆ ಹಿಂದಿನವರು ಹಾರ್ನ್ ಹೊಡೆದು ಬಯ್ಯುತ್ತಾರೆ, ನೀರಿನ ಮೇಲೆ ಹಲ್ಲು ಕಚ್ಚಿ ಕೂರಬೇಕು. ಹಿಂದೆ ಹಡಗಿನವರು ಉದ್ದನೆಯ ಹಗ್ಗಕ್ಕೆ ಸಮ ಅಂತರದಲ್ಲಿ ಗಂಟು ಹಾಕಿ, ತುದಿಗೆ ಮರದ ತುಂಡು ಕಟ್ಟಿ ನೀರಿಗೆ ಬಿಟ್ಟು, ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿದವೆಂದು ಎಣಿಸಿ ವೇಗ ಹೇಳುತ್ತಿದ್ದರು. ನಾಟ್ ಎಂದರೆ ಆ ಗಂಟು. ನಾವು ಗಂಟೆಗಿಷ್ಟು ಅನ್ನುವುದನ್ನು ಅವರು ಗಂಟಿಷ್ಟು ಅಂದರು, ಅಷ್ಟೇ ವ್ಯತ್ಯಾಸ.

ನೀರಿನ ಬಣ್ಣ ನೋಡಿ ದಾರಿ ಹಿಡಿಯುವುದನ್ನು ಗೈಡ್ ಹೇಳಿಕೊಟ್ಟಿದ್ದಳು. ಕಡುನೀಲಿ ಇದ್ದಲ್ಲಿ ಆಳ, ತಿಳಿಹಸಿರು ಇದ್ದಲ್ಲಿ ಮರಳಿನ ತಳ ಹತ್ತಿರ, ಕಂದು ಬಣ್ಣ ಕಂಡರೆ ಬಂಡೆ ಅಥವಾ ಹವಳ, ಆ ಕಡೆ ತಲೆಹಾಕಬೇಡಿ. ಹವಳದ ದಿಬ್ಬದ ಹತ್ತಿರ ಬಂದಾಗ ನೀರು ಈ ಮೂರೂ ಬಣ್ಣದ ತೇಪೆ ಹಾಕಿದ ಹೊದಿಕೆಯಂತಿತ್ತು. ಲಂಗರು ಹಾಕುತ್ತಾರೆ ಎಂದು ನಾನು ಕಾಯುತ್ತಿದ್ದರೆ, ಆಕೆ ದೋಣಿ ಕಟ್ಟಲೆಂದೇ ತೇಲಿಬಿಟ್ಟಿದ್ದ ಬಿಳಿ ಬುರುಡೆಯೊಂದನ್ನು ಕೊಕ್ಕೆ ಕೋಲಿನಿಂದ ಎಳೆದು ಅದರ ಹಗ್ಗಕ್ಕೆ ದೋಣಿ ಕಟ್ಟಿದಳು. ಲಂಗರು ಎಂದರೆ ದೋಣಿ ಚಾಚುವ ಕೈ. ಅದು ತಳದಲ್ಲಿ ಏನು ಸಿಕ್ಕಿದರೂ ಹಿಡಿಯುತ್ತದೆ, ಹಿಡಿದದ್ದನ್ನು ಮುರಿಯುತ್ತದೆ. ಅದಕ್ಕೇ ತಳದ ಬಂಡೆಗೆ ಒಂದು ಸಲ ತೂತು ಕೊರೆದು, ಕಂಬಿ ಹುಗಿದು, ಬುರುಡೆ ಕಟ್ಟಿಬಿಟ್ಟರೆ ಬಂದ ದೋಣಿಗಳೆಲ್ಲ ಅದಕ್ಕೇ ಕಟ್ಟಿಕೊಳ್ಳಬಹುದು. ಜಾನ್ ಹಲಾಸ್ ಎಂಬ ಸಾಗರ ವಿಜ್ಞಾನಿ 1981ರಲ್ಲಿ ಫ್ಲಾರಿಡಾದ ಕೀ ಲಾರ್ಗೋ ಹತ್ತಿರ ಇಂಥವನ್ನು ಹಾಕಿ ತೋರಿಸಿದ ಮೇಲೆ ಲೋಕದ ಎಷ್ಟೋ ಹವಳದ ದಿಬ್ಬಗಳಲ್ಲಿ ಇದು ಬಂತು.

ಈಗ ಮಾಸ್ಕ್. ಗಾಜಿಗೆ ಮಂಜು ಕಟ್ಟದಿರಲು ಒಳಗೆ ಉಗುಳಿ ಉಜ್ಜಿ ತೊಳೆಯಬೇಕು ಎಂದಾಗ ನನ್ನಾಕೆ ಮುಖ ಸಿಂಡರಿಸಿದಳು. ನಾನು ಸಂತೋಷದಿಂದ ಮಾಡಿದೆ. ನನ್ನ ತೊಂದರೆ ಬೇರೆ. ಮಾಸ್ಕಿನ ರಬ್ಬರ್ ಅಂಚು ಚರ್ಮಕ್ಕೆ ಅಂಟಿ ಕೂರಬೇಕು, ನಡುವೆ ಒಂದು ಕೂದಲಿದ್ದರೂ ನೀರು ದಾರಿ ಮಾಡಿಕೊಳ್ಳುತ್ತದೆ. ನನ್ನ ಮೂಗಿನ ಕೆಳಗೆ ಒಂದಲ್ಲ, ಮೂವತ್ತು ವರ್ಷದ ಬೆಳೆಯೇ ಇದೆ. “ಬೋಳಿಸಿದರೆ ಒಳ್ಳೆಯದು” ಎಂದಳು ಗೈಡ್. ಒಪ್ಪಲಿಲ್ಲ. ಮೀಸೆಗೆ ವ್ಯಾಸಲೀನ್ ಮೆತ್ತಿಕೊಳ್ಳುತ್ತ ಕೂತೆ. ಆ ಹೊತ್ತಿನಲ್ಲೇ ಆಕೆ ನೀರಿನಲ್ಲಿ ಮಾಡಬೇಕಾದ ಕೈಸನ್ನೆಗಳನ್ನು ಹೇಳಿಕೊಟ್ಟಳಂತೆ. ನನಗೆ ಕೇಳಿಸಲಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವವರನ್ನು ನೋಡಿದ್ದೇನೆ, ನನ್ನದು ಇಳಿದ ಮರುಕ್ಷಣವೇ ನೀರುಪಾಲಾಯಿತು. ಎರಡು ಸಲ ಮೇಲೆ ಬಂದು ಮಾಸ್ಕಿನ ನೀರು ಚೆಲ್ಲಿದೆ.

ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ಗೊತ್ತಿತ್ತು, ಸರೋವರದ ತಳದಲ್ಲಿ ಹಾಯಾಗಿ ಮಲಗಿದ. ನನ್ನ ಪಾಲಿಗೆ ಬಂದದ್ದು ಒಂದೂಕಾಲು ಅಡಿಯ ಪ್ಲಾಸ್ಟಿಕ್ ಕೊಳವೆ. ಇದನ್ನೇ ಹತ್ತು ಅಡಿ ಉದ್ದ ಮಾಡಿದ್ದರೆ ತಳದಲ್ಲೇ ಓಡಾಡಬಹುದಿತ್ತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ. ಬಿಟ್ಟ ಉಸಿರು ಕೊಳವೆಯಲ್ಲೇ ಉಳಿದು ಅದೇ ಮತ್ತೆ ಒಳಗೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೇಲಿನ ನೀರಿನ ಭಾರಕ್ಕೆ ಎದೆ ಹಿಗ್ಗಲು ಒಪ್ಪುವುದಿಲ್ಲ. ಬಾಯಿಯಲ್ಲಿ ಮಾತ್ರ ಉಸಿರಾಡು ಎಂದರೆ ಮೂಗು ಹಠ ಹಿಡಿಯುತ್ತದೆ. ಮೊದಲ ಎರಡು ನಿಮಿಷ ನನ್ನ ಉಸಿರಿನ ಸದ್ದೇ ನನಗೆ ಹೆದರಿಕೆ ಹುಟ್ಟಿಸಿತು, ಯಾರೋ ದಪ್ಪ ಮನುಷ್ಯ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆದ ಹಾಗೆ. ಆಮೇಲೆ ಆ ಮನುಷ್ಯ ಸಮಾಧಾನವಾದ.

ತೇಲುವುದು ಇಷ್ಟು ಸುಲಭ ಎಂದು ತಿಳಿದ ಹುರುಪಿನಲ್ಲಿ ತಲೆ ಎತ್ತಿ, ದೋಣಿಯ ಅಂಚಿನಲ್ಲಿ ಕೂತಿದ್ದ ನನ್ನಾಕೆಗೆ ಜೋರಾಗಿ ಕೈ ಬೀಸಿದೆ. ಅವಳೂ ಬೀಸಿದಳು. ಇನ್ನೊಂದು ಸಲ ಬೀಸುವಷ್ಟರಲ್ಲಿ ಗೈಡ್ ಧುಮುಕಿ, ತೇಲುಬಳೆ ಎಳೆದುಕೊಂಡು ನನ್ನ ಹತ್ತಿರ ಬಂದಿದ್ದಳು.

“ಏನಾಯಿತು?”

“ಏನಿಲ್ಲ. ಹೆಂಡತಿಗೆ ಟಾಟಾ ಮಾಡಿದೆ.”

ಸಮುದ್ರದಲ್ಲಿ ಕೈ ಬೀಸಿದರೆ ‘ಕಾಪಾಡಿ’ ಎಂದರ್ಥವಂತೆ. ಎಲ್ಲ ಸರಿಯಾಗಿದೆ ಎಂದು ದೂರದವರಿಗೆ ಹೇಳಬೇಕಾದರೆ ತಲೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ಸರಿ, ಇಟ್ಟುಕೊಂಡು ತೋರಿಸಿದೆ. ತಲೆಯ ಮೇಲೆ ಕೈ ಹೊತ್ತರೆ ಮನೆ ಮುಳುಗಿತು ಎಂದು ತಿಳಿಯುವ ಭಾಷೆಯವಳು ನನ್ನಾಕೆ. ಅಲ್ಲಿಯತನಕ ನಗುತ್ತಿದ್ದವಳು ಆಗ ಗಾಬರಿಯಾಗಿ ಎದ್ದುನಿಂತಳು.

ಗೈಡ್ ಹೋಗುವ ಮುನ್ನ ಒಂದೇ ಮಾತು ಹೇಳಿದಳು. “ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಕಾಲೇ ಸಾಕು.”

ಕೈ ಕಟ್ಟಿಕೊಂಡು ಮಲಗಿದೆ. ಕೆಳಗೆ, ನಾಲ್ಕು ಆಳುದ್ದವೂ ಇಲ್ಲದ ನೀರಿನಲ್ಲಿ, ಹವಳ. ಉಂಗುರಕ್ಕೆ ಕೂರಿಸಿದ ಹವಳ ನೋಡಿ ಅದು ಕೆಂಪು ಕಲ್ಲು ಎಂದು ತಿಳಿದು ಬೆಳೆದವನು ನಾನು. ಇಲ್ಲಿ ಇದ್ದದ್ದು ಮಾಸಲು ಹಳದಿ, ಕಂದು, ಅಲ್ಲಲ್ಲಿ ನೇರಳೆ. ಒಂದು ಜಿಂಕೆಯ ಕೊಂಬಿನ ಹಾಗೆ, ಒಂದು ಬೀಸಣಿಗೆಯ ಹಾಗೆ, ಇನ್ನೊಂದು ಬಿಚ್ಚಿಟ್ಟ ಮೆದುಳಿನ ಹಾಗೆ. ಆ ಮೆದುಳಿನ ಗೀರುಗಳ ತುಂಬ ಸಣ್ಣ ಸಣ್ಣ ಜೀವಗಳು, ತಾವೇ ಸುಣ್ಣ ಸ್ರವಿಸಿ ಕಟ್ಟಿಕೊಂಡ ಮನೆಯಲ್ಲಿ. ಅವುಗಳ ಮೈಯೊಳಗೆ ಇನ್ನೂ ಸಣ್ಣ ಪಾಚಿ, ಬಿಸಿಲಿನಲ್ಲಿ ಅಡುಗೆ ಮಾಡಿ ಹಾಕುವುದು ಅದೇ. ಇಂಥ ಗುಂಡು ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಮೀರಿ ಬೆಳೆಯುವುದಿಲ್ಲ. ನನ್ನ ಕೆಳಗಿದ್ದದ್ದು ದೊಡ್ಡ ಬುಟ್ಟಿಯಷ್ಟಿತ್ತು, ನನಗಿಂತ ಹಿರಿಯದಿರಬಹುದು. ಮೈಮೇಲೆ ತೆಳ್ಳನೆ ಲೋಳೆಯ ಪದರವಿದೆ, ಒಂದು ಬೆರಳು ಸೋಕಿದರೂ ಅದು ಹರಿಯುತ್ತದೆ, ಹರಿದಲ್ಲಿ ಸೋಂಕು ಹೊಕ್ಕುತ್ತದೆ. ಮುಟ್ಟಬೇಡಿ ಎಂದು ಬೋರ್ಡ್ ಹಾಕಿದ ಕಡೆಯೆಲ್ಲ ಮುಟ್ಟಿ ನೋಡಿದ ಕೈ ನನ್ನದು. ಬೆನ್ನ ಹಿಂದೆ ಎಡಗೈ ಬಲಗೈಯನ್ನು ಹಿಡಿದುಕೊಂಡೇ ಇತ್ತು.

ಒಂದು ಕಡೆ ಕೊಂಬಿನ ಹವಳ ಅಚ್ಚ ಬಿಳಿಯಾಗಿತ್ತು. ಎಷ್ಟು ಚೆಂದ ಎಂದುಕೊಂಡೆ. ಆಮೇಲೆ ತಿಳಿಯಿತು, ಅದು ಚೆಂದವಲ್ಲ, ಹಸಿವು. ನೀರು ಬೇಸಿಗೆಯ ಸಾಮಾನ್ಯ ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ತನ್ನ ಪಾಚಿಯನ್ನು ಹೊರದಬ್ಬುತ್ತದೆ. ಬಣ್ಣವೂ ಹೋಯಿತು, ಅಡುಗೆಯವನೂ ಹೋದ. ಬೇಗ ತಂಪಾದರೆ ಬದುಕಿಕೊಳ್ಳಬಹುದು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016 ಮತ್ತು 2017ರಲ್ಲಿ ಬೆನ್ನುಬೆನ್ನಿಗೆ ಹೀಗಾಯಿತು. ಸನ್‌ಸ್ಕ್ರೀನಿನ ಕೆಲವು ರಾಸಾಯನಿಕಗಳೂ ಹವಳಕ್ಕೆ ಆಗುವುದಿಲ್ಲವೆಂದು ಪಲಾವ್ ದೇಶ 2020ರಿಂದ, ಹವಾಯಿ 2021ರಿಂದ ಅಂಥವುಗಳ ಮಾರಾಟ ನಿಲ್ಲಿಸಿವೆ. ನಾವೆಲ್ಲ ತುಂಬುತೋಳಿನ ಅಂಗಿಯಲ್ಲಿ ಇಳಿದದ್ದು ಅದಕ್ಕೇ. ಮುಟ್ಟದ ಕೈಯಿಂದಲೂ ಏನೇನೋ ಕಳಚಿ ಬೀಳುತ್ತದೆ ನೋಡಿ.

ನೀರೊಳಗೆ ಮೌನ ಎಂದು ಯಾರು ಹೇಳಿದರೋ. ಒಣಕಡ್ಡಿಗೆ ಬೆಂಕಿ ಹಿಡಿದಂತೆ ಚಟಪಟ ಸದ್ದು, ಯಾವ ದಿಕ್ಕಿನದೆಂದು ಗೊತ್ತಾಗುವುದಿಲ್ಲ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಬರುವುದರಿಂದ ಎರಡು ಕಿವಿಗೂ ಒಟ್ಟಿಗೇ ತಲುಪಿದಂತಾಗುತ್ತದೆ. ಅದು ಬೆರಳುದ್ದದ ಒಂದು ಜಾತಿ ಸಿಗಡಿಯ ಕೆಲಸವಂತೆ. ಅದಕ್ಕೆ ಒಂದು ಕೈ ಸಣ್ಣದು, ಇನ್ನೊಂದು ಮೈಗೆ ಹೊಂದದಷ್ಟು ದೊಡ್ಡದು. ದೊಡ್ಡ ಕೈಯಿಂದ ಚಿಟಿಕೆ ಹೊಡೆದರೆ ಗುಳ್ಳೆಯೆದ್ದು ಒಡೆಯುತ್ತದೆ, ಆ ಪೆಟ್ಟಿಗೆ ಎದುರಿನ ಪ್ರಾಣಿ ತತ್ತರಿಸುತ್ತದೆ. ಅದರ ಮೇಲೊಂದು ಗಿಳಿಮೀನು ಕೊಕ್ಕಿನಿಂದ ಹವಳವನ್ನು ಕಟಕಟ ಕಡಿಯುತ್ತಿತ್ತು. ಪಾಚಿ ಜೀರ್ಣಿಸಿಕೊಂಡು ಕಲ್ಲನ್ನು ಪುಡಿಯಾಗಿ ಹಿಂದಿನಿಂದ ಬಿಡುತ್ತದೆ. ನನ್ನ ಕಣ್ಣೆದುರೇ ಬಿಳಿ ಮರಳಿನ ಒಂದು ಮೋಡ ಬಿಟ್ಟು ಹೋಯಿತು. ಹಿಂದಿನ ಸಂಜೆ ಕಡಲತೀರದಲ್ಲಿ ಬೆಳ್ಳಗಿನ ಮರಳನ್ನು ಬೊಗಸೆಯಲ್ಲಿ ಹಿಡಿದು, ಬೆರಳ ಸಂದಿಯಿಂದ ಸೋರಿಸುತ್ತ, ಕಾಲದ ಬಗ್ಗೆ ಏನೋ ಘನವಾದದ್ದನ್ನು ನನ್ನಾಕೆಗೆ ಹೇಳಿದ್ದೆ. ಆ ಮರಳಿನಲ್ಲಿ ಗಿಳಿಮೀನಿನ ಪಾಲು ಎಷ್ಟು ಎಂದು ಅವಳಿಗೆ ತಿಳಿಸಲು ಹೋಗಲಿಲ್ಲ.

ಆಗ ಆಮೆ ಬಂತು. ಬಂತು ಎನ್ನುವುದಕ್ಕಿಂತ, ಬಂಡೆಯೊಂದು ಮನಸ್ಸು ಮಾಡಿ ಎದ್ದಿತು. ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಹಾಗಾಗಿ ಅದು ನನ್ನ ಕಡೆಗೇ ಬರುತ್ತಿದೆ ಎಂದು ಭಾವಿಸಿದೆ. ಅದು ಹೊರಟದ್ದು ಉಸಿರಿಗೆ. ಮುಂಗಾಲಿನ ಒಂದು ಬೀಸು, ಆಮೇಲೆ ಸುಮ್ಮನೆ ತೇಲು. ಇನ್ನೊಂದು ಬೀಸು. ಹುಟ್ಟಿನಂಥ ಆ ಮುಂಗಾಲಿನ ಚರ್ಮದೊಳಗೆ ಐದು ಬೆರಳಿನ ಮೂಳೆಗಳಿವೆ, ನಮ್ಮ ಹಾಗೆಯೇ. ಯಾವುದೋ ಕಾಲದಲ್ಲಿ ನೆಲದ ಮೇಲಿದ್ದ ಕೈ ಅದು. ನನ್ನಿಂದ ಎರಡು ಮಾರು ದೂರದಲ್ಲಿ ಮೂತಿ ಹೊರಗೆ ಹಾಕಿ ಫುಸ್ ಎಂದು ಉಸಿರು ಬಿಟ್ಟು ಎಳೆದುಕೊಂಡು ಇಳಿಯಿತು. ನಾನು ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಕೊಳವೆಯಲ್ಲಿ ಗೊರಗುಟ್ಟುತ್ತ, ಹೆಡ್‌ಮಾಸ್ತರರ ಹಾಗೆ ನೋಡುತ್ತಿದ್ದೆ.

ದೋಣಿ ಹತ್ತಿದ ಮೇಲೆ ಅಂಗೈ ನೋಡಿಕೊಂಡರೆ ಬೆರಳ ತುದಿಗಳೆಲ್ಲ ಸುಕ್ಕು. ನೀರು ಹೀರಿ ಚರ್ಮ ಉಬ್ಬುತ್ತದೆ ಎಂದೇ ಬಹಳ ದಿನ ನಂಬಿದ್ದೆ. ಆದರೆ ನರ ಹಾಳಾದ ಬೆರಳು ಎಷ್ಟು ಹೊತ್ತು ನೆನೆದರೂ ಹಾಗೆ ಸುಕ್ಕಾಗುವುದಿಲ್ಲವೆಂದು ವೈದ್ಯರು 1930ರ ದಶಕದಲ್ಲೇ ಕಂಡಿದ್ದರು. ಸುಕ್ಕು ಮಾಡುವುದು ನರಮಂಡಲ, ಬೇಕೆಂದೇ. 2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜನರ ಕೈಗೆ ಒದ್ದೆ ಗೋಲಿಗಳನ್ನು ಕೊಟ್ಟು ನೋಡಿದಾಗ, ಸುಕ್ಕು ಬೆರಳಿನಲ್ಲಿ ಎತ್ತಿದವರ ಕೆಲಸ ಬೇಗ ಮುಗಿಯಿತು. ಒದ್ದೆ ವಸ್ತು ಜಾರದಂತೆ ಹಿಡಿಯಲು ಟೈರಿನ ಗೀರಿನ ಹಾಗೆ ಈ ಸುಕ್ಕಂತೆ. ಅಂದರೆ ಮುಕ್ಕಾಲು ಗಂಟೆ ನಾನು ಬೆನ್ನ ಹಿಂದೆ ಕಟ್ಟಿಟ್ಟ ಕೈ ಅಷ್ಟು ಹೊತ್ತೂ ಏನನ್ನೋ ಹಿಡಿಯಲು ತಯಾರಾಗುತ್ತಿತ್ತು.

ಅಷ್ಟರಲ್ಲಿ ನನ್ನಾಕೆ ಹಿಂದಿನ ಸೀಟಿಗೆ ಹೋಗಿ ಕೂತು, ಕೆಂಪು ದಾರವನ್ನು ತನ್ನ ಮುಂಗೈಗೆ ಹಾಕಿಕೊಂಡಿದ್ದಳು.

“ರೀ, ಬುರುಡೆ ಹಗ್ಗ ಬಿಚ್ಚಿ. ಆ ಕಡೆ ಅಲ್ಲ, ಈ ಕಡೆ.”