ಕಾಲು ನೋಡದೆ ಬ್ಯಾಚ್ ಹಾಕೋರ ಬಗ್ಗೆ

ನೃತ್ಯ ಶಾಲೆಗೆ ಹೊಸ ಮಗು ಬಂದ ತಕ್ಷಣ ವಯಸ್ಸೆಷ್ಟು ಅಂತಾರೆ, ಯಾವ ಸ್ಕೂಲು ಅಂತಾರೆ, ಐದು ಗಂಟೆ ಬ್ಯಾಚಿಗೆ ಬರೋಕಾಗತ್ತಾ ಅಂತಾರೆ, ಮೂರು ತಿಂಗಳ ಫೀಸು ಮುಂಗಡ ಅಂತಾರೆ. ಮಂಡಿ ಎರಡೂ ಪಕ್ಕಕ್ಕೆ ಬಾಗಿಸಿ ಅರೆಮಂಡಿ ಕೂತು ತೋರಿಸು ಪುಟ್ಟ ಅಂತ ಮಾತ್ರ ಯಾರೂ ಅನ್ನಲ್ಲ. ಕಲಿಸ್ತೀವಿ ಅಂತಿರೋದು ಭರತನಾಟ್ಯ. ಮಗು ಎಲ್ಲಿವರೆಗೆ ಕಲ್ತಿದೆ ಅನ್ನೋದನ್ನ ಹೇಳೋದು ಅದರ ಕಾಲು. ಆ ಕಾಲನ್ನ ಹತ್ತು ನಿಮಿಷವೂ ನೋಡದೆ "ಇವಳು ಬಿಗಿನರ್ಸ್" ಅಂತ ರಿಜಿಸ್ಟರಲ್ಲಿ ಬರೆದು ಮುಗಿಸಿಬಿಡ್ತಾರಲ್ಲ, ಅದಕ್ಕೆ ಈ ಸಿಟ್ಟು.

ತುಮಕೂರಲ್ಲಿ ಎಸ್.ಎಸ್. ಪುರಂನಿಂದ ಕ್ಯಾತ್ಸಂದ್ರದವರೆಗೆ ನೃತ್ಯ ಶಾಲೆ ಬೋರ್ಡಿಗೇನೂ ಬರ ಇಲ್ಲ. ಪ್ರತಿ ಬೋರ್ಡಲ್ಲೂ ಒಬ್ಬಳು ಶಾಂತಲೆ ಇರಲೇಬೇಕು, ಅವಳು ಕೊನೆಯುಸಿರೆಳೆದ ಶಿವಗಂಗೆ ಪಕ್ಕದಲ್ಲೇ ಇದೆ ನೋಡಿ. ಒಳ್ಳೆಯ ಗುರುಗಳೂ ಇದ್ದಾರೆ, ಇಲ್ಲ ಅನ್ನಲ್ಲ. ಮಗು ಬಂದ ದಿನ ತಾಳ ಹಾಕೋ ತಟ್ಟುಕೋಲು ಕೈಗೆ ತಗೊಂಡು, ಎರಡು ಅಡವು (ಕೈಕಾಲಿನ ಮೂಲ ಹೆಜ್ಜೆ) ಮಾಡಿಸಿ, ಅಪ್ಪ ಅಮ್ಮನ ಎದುರಿಗೇ "ಇದು ಬಂದಿದೆ, ಇದು ಬಂದಿಲ್ಲ" ಅಂತ ಹೇಳೋ ಅಂಥವರಿಗೆ ಈ ಮಾತು ತಾಕಲ್ಲ. ಉಳಿದವರು ಬ್ಯಾಚ್ ಹಾಕೋದು ಮದುವೆ ಮನೆ ಪಂಕ್ತಿಯಲ್ಲಿ ಖಾಲಿ ಎಲೆ ನೋಡಿ ಕೂರಿಸಿದ ಹಾಗೆ. ಶನಿವಾರದ ಬ್ಯಾಚಲ್ಲಿ ಜಾಗ ಇದ್ಯಾ, ಅಲ್ಲಿಗೆ ಹಾಕು. ವಾರ್ಷಿಕೋತ್ಸವದ ಗುಂಪಿಗೆ ಎರಡು ತಲೆ ಕಮ್ಮಿ ಇದ್ಯಾ, ಮೇಲಕ್ಕೆ ತಳ್ಳು.

ಬೇರೆ ಕಡೆ ಕಲ್ತು ಬಂದ ಮಕ್ಕಳಿಗಂತೂ ಒಂದು ಸಿದ್ಧ ಉತ್ತರ ಇದೆ. "ನಮ್ಮ ಬಾನಿ (ಅಂದ್ರೆ ಶೈಲಿ) ಬೇರೆ, ಮೊದಲಿಂದ ಶುರು ಮಾಡ್ಬೇಕು." ಅಪ್ಪನಿಗೆ ಟ್ರಾನ್ಸ್‌ಫರ್ ಆಗಿ ಬೆಂಗಳೂರಿಂದ ಬಂದ ಮಗು ಇರಬಹುದು, ಮಧುಗಿರಿಯಲ್ಲಿ ಮೂರು ವರ್ಷ ಕಲ್ತು ಬಂದ ಮಗು ಇರಬಹುದು. ಮೊದಲ ನೃತ್ಯವಾದ ಅಲರಿಪು ಮುಗಿಸಿ ಅದರ ಮುಂದಿನ ಜತಿಸ್ವರ ಅರ್ಧಕ್ಕೆ ಬಂದಿದ್ದ ಹುಡುಗಿಯನ್ನ ಆರು ವರ್ಷದ ಮಕ್ಕಳ ಜೊತೆ ನಿಲ್ಲಿಸಿ ಮತ್ತೆ ಮೊದಲ ಪಾಠದ ತೈಯಾ ತೈ. ಬಾನಿ ಬೇರೆ ಅಂತ ಜೋರಾಗಿ ಹೇಳೋರು ಬಾನಿಯ ಚರಿತ್ರೆ ಸ್ವಲ್ಪ ಓದಲಿ. ರುಕ್ಮಿಣಿ ದೇವಿ ಕಲ್ತಿದ್ದು ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರ ಹತ್ತಿರ, ಆಮೇಲೆ 1936ರಲ್ಲಿ ಮದ್ರಾಸಲ್ಲಿ ಕಲಾಕ್ಷೇತ್ರ ಅನ್ನೋ ಶಾಲೆ ಕಟ್ಟಿದ್ದು. ಆ ಪಿಳ್ಳೈ, ಭರತನಾಟ್ಯದ ಪಾಠಕ್ರಮ ರೂಪಿಸಿದ ತಂಜಾವೂರು ಸಹೋದರರ ವಂಶದವರು. ಆ ನಾಲ್ವರಲ್ಲಿ ಚಿನ್ನಯ್ಯ ಬಂದಿದ್ದು ನಮ್ಮ ಮೈಸೂರಿಗೇ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ. ಪಂದನಲ್ಲೂರು, ಕಲಾಕ್ಷೇತ್ರ, ಮೈಸೂರು, ಮೂರಕ್ಕೂ ಆ ಮನೆತನದ ನಂಟು ಇದೆ.

ವ್ಯತ್ಯಾಸ ಇಲ್ಲ ಅಂತಲ್ಲ. ಅಡವಿನ ಹೆಸರು ಬದಲಾಗತ್ತೆ, ಒಂದು ಕಡೆ ಕಾಲು ತಟ್ಟೋ ಮೊದಲ ಅಡವಾದ ತಟ್ಟಡವು ಎಂಟು ಅಂತ ಎಣಿಸಿದ್ರೆ ಇನ್ನೊಂದು ಕಡೆ ಲೆಕ್ಕವೇ ಬೇರೆ, ಬಾಯಲ್ಲಿ ಹೇಳೋ ಸೊಲ್ಲುಕಟ್ಟು ಅಲ್ಲಲ್ಲಿ ಬೇರೆ, ಕೈ ಚಾಚೋ ಎತ್ತರ, ಮೈ ಬಾಗಿಸೋ ರೀತಿ ಬೇರೆ. ಆದರೆ ಸೊಂಟ ತೆರೆದು ಅರೆಮಂಡಿಯಲ್ಲಿ ಕೂರೋ ಅಭ್ಯಾಸ, ಮೂರು ಕಾಲದಲ್ಲಿ (ಅಂದ್ರೆ ಮೂರು ವೇಗದಲ್ಲಿ) ಲಯ ಬಿಡದ ಕಿವಿ, ಹಸ್ತ (ಕೈ ಮುದ್ರೆ) ಬಿಗಿಯಾಗಿ ಹಿಡಿಯೋ ಬೆರಳು, ಒಂದು ಅಲರಿಪು ಪೂರ್ತಿ ಮಾಡಿದ ಮೇಲೂ ಉಳಿಯೋ ಉಸಿರು, ಇವು ಯಾವ ಬಾನಿಗೆ ಹೋದರೂ ಮಗುವಿನ ಜೊತೆಗೇ ಬರತ್ತೆ. ವರ್ಷಗಟ್ಟಲೆ ಹಿಡಿಯೋದು ಇವೇ. ಕೈಯ ರೇಖೆ, ಕತ್ತಿನ ತಿರುವು ಬದಲಾಯಿಸೋಕೆ, ಮಗು ಮನೇಲಿ ದಿನಾ ಅಭ್ಯಾಸ ಮಾಡಿದ್ರೆ, ಒಂದೂವರೆ ಎರಡು ತಿಂಗಳು ಸಾಕು. ಅದಕ್ಕೆ ಒಂದು ವರ್ಷದ ಬಿಗಿನರ್ಸ್ ಫೀಸು ಕಟ್ಟಿಸಿಕೊಳ್ಳೋದು ಯಾವ ಬಾನಿಯಲ್ಲಿ ಬರತ್ತೆ?

ಕೆಳಗೆ ಇಳಿಸಿದ್ರೆ ಮಗುಗೆ ಬೇಜಾರಾಗತ್ತೆ ಅಷ್ಟೆ. ಸುಮ್ಮನೆ ಮೇಲೆ ಹತ್ತಿಸಿದ್ರೆ ಮಂಡಿ ಹೋಗತ್ತೆ, ಇದನ್ನ ಯಾರೂ ಹೇಳಲ್ಲ. ಎತ್ತರದ ಹುಡುಗಿಯರಿಗೆ ಆಗೋ ಅನ್ಯಾಯ ಇದು. ವಾರ್ಷಿಕೋತ್ಸವಕ್ಕೆ ಬಾಡಿಗೆಗೆ ತರೋ ಕಾಸ್ಟ್ಯೂಮ್ ಸೈಜಿನ ಪ್ರಕಾರ ಬರತ್ತೆ, ಗುಂಪಲ್ಲಿ ಎಲ್ಲರೂ ಒಂದೇ ಎತ್ತರ ಇದ್ರೆ ಫೋಟೋ ಚೆನ್ನಾಗಿ ಬರತ್ತೆ. ಹಾಗಾಗಿ ಹತ್ತು ವರ್ಷದ, ಕಾಲು ಚಾಚಿ ಹಿಮ್ಮಡಿ ಊರೋ ನಾಟ್ಟಡವೂ ನೆಟ್ಟಗೆ ಕೂರದ, ಆದರೆ ಉದ್ದ ಇರೋ ಮಗು ಏಕಾಏಕಿ ಸೀನಿಯರ್ ಬ್ಯಾಚಿಗೆ. ಮನೆಯವರಿಗೆ ಖುಷಿ, ಬಡ್ತಿ ಸಿಕ್ತು ಅಂತ.

ಆಗೋದೇನು ಅಂದ್ರೆ, ಅರೆಮಂಡಿಯಲ್ಲಿ ಪಾದ ಹೊರಗೆ ತಿರುಗಬೇಕಾದ್ದು ಸೊಂಟದ ಕೀಲಿನಿಂದ. ಆ ಕೀಲು ಸಡಿಲ ಆಗೋಕೆ ನಿಧಾನದ ತಟ್ಟಡವು ತಿಂಗಳುಗಟ್ಟಲೆ ಬೇಕು. ಅದು ಆಗದ ಮಗುವನ್ನ ವೇಗದ ಬ್ಯಾಚಿಗೆ ಹಾಕಿದ್ರೆ ಸೊಂಟ ಬಿಟ್ಟು ಪಾದವನ್ನ ಮಾತ್ರ ಬಲವಂತವಾಗಿ ಪಕ್ಕಕ್ಕೆ ತಿರುಗಿಸತ್ತೆ. ಪಾದ ಪಕ್ಕಕ್ಕೆ, ಮಂಡಿ ಮುಂದಕ್ಕೆ. ಆ ತಿರುಚು ಪೂರ್ತಿ ಬೀಳೋದು ಮಂಡಿ ಕೀಲಿನ ಮೇಲೆ, ಪಾದ ಒಳಗಡೆ ಕುಸಿಯತ್ತೆ. ಅದರ ಮೇಲೆ ಮುಂಗಾಲಲ್ಲಿ ನೆಗೆದು ಹಿಮ್ಮಡಿ ಬಡಿಯೋ ಕುದಿತ್ತಮೆಟ್ಟು, ಅದೂ ಎಲ್ಲಿ? ಮನೆ ಮೇಲಿನ ಹಾಲಲ್ಲಿ, ಸಿಮೆಂಟಿನ ಮೇಲೆ ಟೈಲ್ಸ್ ಹಾಕಿದ ನೆಲದಲ್ಲಿ. ಆ ನೆಲ ಒಂದು ಚೂರೂ ಬಿಟ್ಟುಕೊಡಲ್ಲ, ಬಡಿದ ಏಟು ಹಿಮ್ಮಡಿಯಿಂದ ಮೇಲಕ್ಕೆ ವಾಪಸ್ ಬರತ್ತೆ. ಮಂಡಿ ಕೆಳಗಿನ ಮೂಳೆ ನೋವು, ಹಿಮ್ಮಡಿ ನೋವು ಅಂತ ಮಗು ಅತ್ರೆ "ಶುರುವಲ್ಲಿ ಹಾಗೇನೇ" ಅಂತಾರೆ. ಮೈಕೈ ನೋವು ಕೆಲವು ದಿನದಲ್ಲಿ ಹೋಗತ್ತೆ. ಕೀಲಿನ ಒಳಗೆ ಒಂದೇ ಜಾಗದಲ್ಲಿ ಚುಚ್ಚೋ ನೋವು, ಮೆಟ್ಟಿಲು ಇಳಿಯೋವಾಗ ಬರೋ ನೋವು ಹಾಗಲ್ಲ. ಅಂಥ ಮಗುವನ್ನ ಅವತ್ತೇ ನಿಲ್ಲಿಸಬೇಕು, ಡಾಕ್ಟರಿಗೆ ತೋರಿಸಬೇಕು.

ಬ್ಯಾಚಿನ ಗಾತ್ರದ ಲೆಕ್ಕವನ್ನೂ ಹಾಕಿಬಿಡೋಣ. ಕ್ಲಾಸು ಒಂದು ಗಂಟೆ. ಹಾಜರಿ, ನಮಸ್ಕಾರ, ಧ್ಯಾನ ಶ್ಲೋಕ, ತಲೆ ಆಡಿಸೋ ಶಿರೋಭೇದ ಅಂತ ಹದಿನೈದು ನಿಮಿಷ ಕಳೀತು. ಉಳಿದ 45 ನಿಮಿಷಕ್ಕೆ 24 ಮಕ್ಕಳು. ತಲೆಗೆ ಎರಡು ನಿಮಿಷವೂ ಬರಲ್ಲ. ಹಿಂದಿನ ಸಾಲಿನ ಮಗುವಿನ ಮೊಣಕೈ ಕುಸಿದಿದ್ಯೋ ಇಲ್ವೋ ಯಾರು ನೋಡ್ತಾರೆ? ಎಂಟು ಮಕ್ಕಳಿದ್ರೆ ಐದು ನಿಮಿಷದ ಮೇಲೆ ಸಿಗತ್ತೆ. 24 ಜನರ ಬ್ಯಾಚಲ್ಲಿ ತಟ್ಟಡವಿನ ಮಗು, ಅಲರಿಪಿನ ಮಗು, ಜತಿಸ್ವರದ ಮಗು ಮೂವರನ್ನೂ ಕಲಸಿಟ್ರೆ ಇನ್ನೂ ಚೆಂದ. ಒಂದು ಗುಂಪು ಕುಣಿಯುವಾಗ ಉಳಿದ ಎರಡು ಗುಂಪು ಗೋಡೆಗೆ ಒರಗಿ ನೀರು ಕುಡೀತಿರತ್ತೆ. ಫೀಸು ಮಾತ್ರ ಪೂರ್ತಿ ಗಂಟೆಗೆ.

ಹಾಗಾದ್ರೆ ಹೇಗೆ ನೋಡಬೇಕು ಅಂತ ಕೇಳಿದ್ರೆ, ಇಪ್ಪತ್ತು ನಿಮಿಷದ ಕೆಲಸ, ಅಪ್ಪ ಅಮ್ಮ ಪಕ್ಕದಲ್ಲೇ ಕೂತಿರಲಿ. ಮೊದಲು ಒಂದೇ ಒಂದು ತಟ್ಟಡವು, ಮೂರು ಕಾಲದಲ್ಲಿ, ಮಧ್ಯೆ ನಿಲ್ಲಿಸದೆ. ಕೋಲಿನ ತಟ್ಟು ಬದಲಾಗಬಾರದು, ಇದು ಮುಖ್ಯ. ನಿಮಿಷಕ್ಕೆ 45 ತಟ್ಟು ಇಟ್ಟರೆ ಒಂದನೇ ಕಾಲದಲ್ಲಿ 45 ಹೆಜ್ಜೆ, ಎರಡನೇದರಲ್ಲಿ 90, ಮೂರನೇದರಲ್ಲಿ 180. ಮೂರನೇ ಕಾಲಕ್ಕೆ ಬಂದಾಗ ಟೀಚರ್ ಮೆಲ್ಲಗೆ ಕೋಲಿನ ವೇಗವನ್ನೇ ಇಳಿಸಿ ಮಗು ಪಾಸು ಅಂತಾರೆ, ಎಷ್ಟೋ ಕಡೆ ನಡೆಯೋ ಚಾಲಾಕಿ ಇದು. ಮೊಬೈಲಲ್ಲಿ ತಾಳದ ಆ್ಯಪ್ ಹಾಕಿಟ್ರೆ ಆ ಆಟ ನಡೆಯಲ್ಲ. ಕಾಲಿನ ಜೊತೆಗೆ ನೆತ್ತಿಯನ್ನೂ ನೋಡಿ. ವೇಗ ಹೆಚ್ಚಿದ ಹಾಗೆ ನೆತ್ತಿ ಮೇಲೆ ಏರ್ತಾ ಹೋದ್ರೆ ಅರೆಮಂಡಿ ಬಿಡ್ತಿದೆ ಅಂತ ಅರ್ಥ. ಅಂಥ ಮಗುಗೆ ಒಂದನೇ ಕಾಲವೇ ಇನ್ನೂ ಬೇಕು, ಎಷ್ಟೇ ಐಟಂ ಕಲಿತಿದ್ದರೂ ಸರಿ.

ಆಮೇಲೆ ನಾಟ್ಟಡವು. ಚಾಚಿದ ಕಾಲು ನೇರ ಇದ್ಯಾ, ಹಿಮ್ಮಡಿ ಊರತ್ತಾ, ಆ ಹೊತ್ತಿಗೆ ಊರಿಕೊಂಡಿರೋ ಇನ್ನೊಂದು ಮಂಡಿ ಎದ್ದುಬಿಡತ್ತಾ. ಕೈ ಪಕ್ಕಕ್ಕೆ ಚಾಚಿ ಹಿಡಿಯೋ ನಾಟ್ಯಾರಂಭದಲ್ಲಿ ಮೊಣಕೈ ಭುಜದ ಮಟ್ಟದಲ್ಲಿ ಎಷ್ಟು ಹೊತ್ತು ನಿಲ್ಲತ್ತೆ. ಮೂರನೇದು ತಟ್ಟಿಮೆಟ್ಟು ಅನ್ನೋ ಅಡವು, ಐದು ಜಾತಿಯಲ್ಲಿ, ಅಂದ್ರೆ ಐದು ಬಗೆಯ ಎಣಿಕೆಯಲ್ಲಿ: ತಕಿಟ, ತಕಧಿಮಿ, ತಕತಕಿಟ, ತಕಿಟತಕಧಿಮಿ, ತಕಧಿಮಿತಕತಕಿಟ. ಮೊದಲು ಕೂತು ತಾಳ ಹಾಕಿ ಬಾಯಲ್ಲಿ ಹೇಳಲಿ, ಆಮೇಲೆ ಕಾಲಲ್ಲಿ. ಬಾಯಲ್ಲಿ ಬರದೆ ಕಾಲಲ್ಲಿ ಮಾತ್ರ ಬರೋ ಮಗು ಪಕ್ಕದವಳ ಕಾಲು ನೋಡಿ ಕಲಿತಿದೆ. ಗುಂಪಲ್ಲಿ ಇದು ಗೊತ್ತಾಗೋದೇ ಇಲ್ಲ, ಅದಕ್ಕೇ ಪರೀಕ್ಷೆ ಒಬ್ಬೊಬ್ಬರನ್ನೇ ನಿಲ್ಲಿಸಿ ಆಗಬೇಕು. ಐದರ ಎಣಿಕೆಯ ಖಂಡ, ಏಳರ ಮಿಶ್ರ ಸಲೀಸಾಗಿ ಬಂದು, ಜತಿ ಮುಗಿಸೋ ತೀರ್ಮಾನ ಅಡವೂ ಕೂತಿದ್ರೆ ಅವಳನ್ನ ಬಿಗಿನರ್ಸಲ್ಲಿ ಇಡೋಕೆ ಯಾವ ನೆಪವೂ ಉಳಿಯಲ್ಲ.

ಹಸ್ತದ್ದು ಇನ್ನೂ ಸುಲಭ. ಅಭಿನಯದರ್ಪಣ ಗ್ರಂಥದ 28 ಅಸಂಯುತ (ಒಂದೇ ಕೈಯ) ಹಸ್ತಗಳನ್ನ ಪತಾಕ, ತ್ರಿಪತಾಕ ಅಂತ ಶ್ಲೋಕದ ಕ್ರಮದಲ್ಲಿ ಯಾವ ಮಗು ಬೇಕಾದ್ರೂ ಗಿಣಿಪಾಠ ಒಪ್ಪಿಸತ್ತೆ. ಕ್ರಮ ತಪ್ಪಿಸಿ ಕೇಳಿ. ಶುಕತುಂಡ ತೋರಿಸು, ಕಪಿತ್ಥ ತೋರಿಸು, ಲಾಂಗೂಲ ತೋರಿಸು. ಮನಸ್ಸಲ್ಲಿ ಮೊದಲಿಂದ ಶ್ಲೋಕ ಹೇಳ್ಕೊಂಡು ಬಂದು ತೋರಿಸಿದ್ರೆ ಇನ್ನೂ ಕೂತಿಲ್ಲ. ಕೊನೆಗೆ ಅಲರಿಪು, ಒಬ್ಬಳೇ.

ಸರ್ಟಿಫಿಕೇಟ್ ತೋರಿಸಿದ್ರೆ ಸಾಲದಾ ಅಂತ ಕೆಲವರು. ಸಾಲದು. ಜೂನಿಯರ್ ಪರೀಕ್ಷೆ ಪಾಸಾದ ಮಗುಗೆ ಪರೀಕ್ಷೆಗೆ ಬೇಕಾದಷ್ಟನ್ನ ಮಾತ್ರ ಉರುಹೊಡೆಸಿರಬಹುದು. ಹಾಗಂತ ಸರ್ಟಿಫಿಕೇಟ್ ಪಕ್ಕಕ್ಕೆ ತಳ್ಳಿ ಕಾಲನ್ನೂ ನೋಡದೆ "ಆ ಪರೀಕ್ಷೆಯನ್ನ ನಾವು ಲೆಕ್ಕಕ್ಕೆ ತಗೊಳ್ಳಲ್ಲ" ಅನ್ನೋರು, ತಮ್ಮ ಮಕ್ಕಳನ್ನ ಅದೇ ಪರೀಕ್ಷೆಗೆ ಕೂರಿಸಿ ರಿಸಲ್ಟನ್ನ ಫ್ಲೆಕ್ಸಲ್ಲಿ ಹಾಕಿಸ್ತಾರೆ. ಆ ನಾಚಿಕೆಗೇಡಿತನ ಬೇರೆ.

ಇದನ್ನೆಲ್ಲ ಬಾಯಿ ಬಿಟ್ಟು ಕೇಳಿದ್ರೆ ಬರೋ ಉತ್ತರ ಗೊತ್ತಲ್ಲ. "ಗುರುಗಳ ಮೇಲೆ ನಂಬಿಕೆ ಇಲ್ವಾ? ಹಾಗಿದ್ರೆ ಬೇರೆ ಕಡೆ ನೋಡ್ಕೊಳ್ಳಿ." ಮೇಡಂ, ನಿಮಗೆ ಗೌರವ ಇದೆ, ಗುರುಪೂರ್ಣಿಮೆಗೆ ಹಣ್ಣು ತಾಂಬೂಲ ಇಟ್ಟು ಕಾಲಿಗೆ ಬೀಳೋದೂ ಇದೆ. ಆದರೆ ಮೂರು ತಿಂಗಳ ಫೀಸು ಮುಂಗಡ ಕಟ್ಟಿಸಿಕೊಳ್ಳೋವಾಗ ಇದು ವ್ಯವಹಾರ, ಪ್ರಶ್ನೆ ಕೇಳೋವಾಗ ಗುರುಶಿಷ್ಯ ಪರಂಪರೆ, ಈ ಎರಡೂ ಒಟ್ಟಿಗೆ ಆಗಲ್ಲ. ವಾಟ್ಸಾಪ್ ಗ್ರೂಪಲ್ಲಿ ಕೇಳಿದ್ರೆ "ಪರ್ಸನಲ್ಲಾಗಿ ಮಾತಾಡಿ" ಅಂತಾರೆ, ಪರ್ಸನಲ್ಲಾಗಿ ಫೋನ್ ಮಾಡಿದ್ರೆ ಎತ್ತಲ್ಲ. ಕೇಳಿದ ಮೇಲೆ ಮಗು ಹಿಂದಿನ ಸಾಲಿಗೆ. ಇದಕ್ಕೇ ಎಷ್ಟೋ ಜನ ಬಾಯಿ ಮುಚ್ಕೊಂಡು ಫೀಸು ಕಟ್ಟೋದು.

ಪೋಷಕರದ್ದೂ ಕಮ್ಮಿ ಇಲ್ಲ ಬಿಡಿ. ಪಕ್ಕದ ಮನೆ ಹುಡುಗಿಗೆ ಆಗಲೇ ಗೆಜ್ಜೆಪೂಜೆ (ಮೊದಲ ಸಲ ಗೆಜ್ಜೆ ಕಟ್ಟೋ ಸಮಾರಂಭ) ಆಯ್ತು, ನಮ್ಮವಳು ಇನ್ನೂ ತಟ್ಟಡವಲ್ಲೇ ಇದ್ದಾಳೆ ಅಂತ ಟೀಚರ್ ತಲೆ ತಿನ್ನೋರು ಇದ್ದಾರೆ. ಅವರ ಕಾಟಕ್ಕೆ ಬೇಸತ್ತು ಮಗುವನ್ನ ಮೇಲೆ ಹಾಕಿದ ಟೀಚರ್‌ಗಳೂ ಇದ್ದಾರೆ. ಕಾಲು ನೋಡಿ, ಬರೆದು ಕೊಟ್ಟಿದ್ರೆ ಆ ಕಾಟವೂ ಇರ್ತಿರಲಿಲ್ಲ. ಬರೆಯೋಕೆ ಅರ್ಧ ಹಾಳೆ ಸಾಕು: ಯಾವ ಅಡವು ಯಾವ ಕಾಲದವರೆಗೆ, ಯಾವುದರಲ್ಲಿ ತಪ್ಪು, ಯಾವ ಬ್ಯಾಚು, ಮತ್ತೆ ನೋಡೋದು ಯಾವ ತಾರೀಕು. ಮೂರು ತಿಂಗಳಿಗೊಮ್ಮೆ ನೋಡಿದ್ರೆ ಸಾಕು. ಬಾನಿ ಬದಲಾಗಿರೋ ಮಗುಗೆ ಎಂಟು ವಾರ ತಿದ್ದೋಕೆ ಅಂತ ಇಟ್ಟು, ಆಮೇಲೆ ಮತ್ತೆ ನೋಡಬೇಕು.

ಹಾಗೆ ಬರೆದು ಕೊಡಲ್ಲ ಅಂತಾರೆ, ಗೊತ್ತು. ಇನ್ನೇನು ಗುಬ್ಬಿ ವೀರಣ್ಣ ಕಲಾಕ್ಷೇತ್ರ ಬುಕ್ ಮಾಡಿದೀವಿ, ಕಾಸ್ಟ್ಯೂಮ್ ಮತ್ತೆ ಮೇಕಪ್ಪಿಗೆ ಇಷ್ಟು, ವಿಡಿಯೋಗೆ ಇಷ್ಟು ಅಂತ ಗ್ರೂಪಲ್ಲಿ ಮೆಸೇಜ್ ಬರತ್ತೆ. ದುಡ್ಡು ಕಳಿಸೋಕೆ ಮುಂಚೆ ಅದೇ ಗ್ರೂಪಲ್ಲಿ, ಎಲ್ಲರ ಎದುರಿಗೆ, ಇಷ್ಟನ್ನೇ ಕೇಳಿ: ನಮ್ಮ ಮಗುವನ್ನ ಈ ಬ್ಯಾಚಿಗೆ ಹಾಕೋವಾಗ ಯಾವ ಅಡವು, ಎಷ್ಟು ಕಾಲದಲ್ಲಿ ಮಾಡಿಸಿ ನೋಡಿದ್ರಿ?